ಚಂದ್ರನ ಮೇಲೆ ರಾಗಿ ಬಿತ್ತಿದ ಸುನಂದಮ್ಮ

ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲೇ ಹುಣಸೂರಿನ ಒಂದು ಹೊಗೆಸೊಪ್ಪಿನ ಮಂಡಿಯ ಹೆಂಗಸರು ಅಲ್ಲಿಗೆ ಹೋಗಿ, ರಾಗಿ ಬಿತ್ತಿ, ಕಳೆ ಕಿತ್ತು, ಕಣ ಮಾಡಿ ಬಂದಿದ್ದರು. ಅವರನ್ನು ಕರೆದುಕೊಂಡು ಹೋದವಳು ಸುನಂದಮ್ಮ. ನಮ್ಮಜ್ಜಿ ಕುಳ್ಳಮ್ಮನೂ ಆ ಗುಂಪಿನಲ್ಲಿದ್ದಳು. ನಂಜನಗೂಡಿಗೆ ಹೋಗಿ ಬಂದವರು ಹೊಳೆ, ಛತ್ರ, ಊಟ ಎಲ್ಲವನ್ನೂ ವಿವರಿಸುವ ಹಾಗೆ ಅವಳು ಚಂದ್ರನ ವಿಚಾರ ಹೇಳುತ್ತಿದ್ದಳು. ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಅಜ್ಜಿಯ ಬಾಯಿಂದ ಕೇಳಿದ್ದು.

ಸುನಂದಮ್ಮ ಕೃಷ್ಣರಾಜನಗರದ ಕಡೆ ನಾಲೆ ಬಯಲಿನ ಹುಡುಗಿ. ಅವಳ ಅಪ್ಪ ಕೆಂಪಯ್ಯನಿಗೆ ಗದ್ದೆಯಿತ್ತು, ಮನೆಯಲ್ಲಿ ಅಕ್ಕಿಗೆ ಬರವಿರಲಿಲ್ಲ. ಹೆಣ್ಣುಮಕ್ಕಳನ್ನು ಯಾರೂ ಓದಿಸದ ಊರಿನಲ್ಲಿ ಆತ ಮಗಳನ್ನು ಏಳನೆಯ ಕ್ಲಾಸಿನವರೆಗೆ ಓದಿಸಿ, ಹುಣಸೂರಿನ ಬಸವರಾಜುವಿಗೆ ಕೊಟ್ಟು ಮದುವೆ ಮಾಡಿದ. ಬಸವರಾಜುವಿನದು ಹುರುಳಿ ಬಿಟ್ಟರೆ ಬೇರೇನೂ ಬೆಳೆಯದ ಒಂದು ತುಂಡು ಹೊಲ, ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ. ಮಾತು ಕಡಿಮೆ, ಕೈಕೆಲಸ ಚೊಕ್ಕ. ಮನೆಯಲ್ಲಿ ಅವನ ತಾಯಿ ಮಾಯಮ್ಮ ಒಬ್ಬಳೇ. ಅವಳ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತದ್ದು ಸೊಸೆಯೋ ಕಂಬವೋ ತಿಳಿಯದ ಹಾಗಾಗಿತ್ತು.

ಕಣ್ಣು ಕಾಣದ ಮುದುಕಿಗೆ ಹಗಲು ಕಳೆಯುವುದೇ ಕಷ್ಟ. ಅದಕ್ಕೆ ಸುನಂದಮ್ಮ ಅಂಗಡಿಯಿಂದ ಸಾಮಾನು ಕಟ್ಟಿ ಬಂದ ಕಾಗದವನ್ನೆಲ್ಲ ಬಿಡಿಸಿ, ತೀಡಿ, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಒಂದು ಸಲ ಬೆಲ್ಲ ಕಟ್ಟಿದ್ದ ಕಾಗದದಲ್ಲಿ ಯಾವುದೋ ವಾರಪತ್ರಿಕೆಯ ಕತೆಯಿತ್ತು. ನಾಲ್ಕು ಜನ ಕಬ್ಬಿಣದ ಕೊಪ್ಪರಿಗೆಯಂಥದ್ದರಲ್ಲಿ ಕೂತು ಆಕಾಶಕ್ಕೆ ಹಾರುತ್ತಾರೆ. ಕಿಂಡಿಯಿಂದ ಬಗ್ಗಿ ನೋಡಿದರೆ ಭೂಮಿ ನಿಂಬೆಹಣ್ಣಿನಷ್ಟು ಕಾಣುತ್ತದೆ. ಅಷ್ಟಕ್ಕೆ ಕಾಗದ ಹರಿದಿತ್ತು.

ಮಾಯಮ್ಮ ಮುಂದಕ್ಕೇನಾಯಿತು ಎಂದು ಕೇಳಿದಳು. ಹರಿದುಹೋಗಿದೆ ಎಂದು ಸೊಸೆ ಹೇಳಿದಳು.

"ಅಂಗಂದ್ರೆ ಆಯ್ತಾ? ಅವರನ್ನ ಆಕಾಶದಲ್ಲೇ ಬುಟ್ಟು ನಾನು ಉಣ್ಣಾಕೆ ಕೂತ್ಕಳೋದಾ?" ಎಂದಳು ಮಾಯಮ್ಮ.

ಇಷ್ಟು ಹೇಳಿ ಮುದುಕಿ ತಟ್ಟೆಯನ್ನು ದೂರ ತಳ್ಳಿದಳು. ಬೇರೆ ದಾರಿ ಕಾಣದೆ ಸುನಂದಮ್ಮ ಆ ನಾಲ್ಕು ಜನರನ್ನು ತಾನೇ ಚಂದ್ರನ ಮೇಲೆ ಇಳಿಸಿದಳು. ಇಳಿಸಿದ ಮೇಲೆ ಅವರಿಗೆ ಮನೆ ಬೇಕಾಯಿತು, ಮನೆಗೆ ಬಾವಿ ಬೇಕಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಅಲ್ಲಿ ಒಂದು ಊರೇ ಎದ್ದಿತು. ಆ ಊರಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ಇರಲೇಬೇಕೆಂದು ಮಾಯಮ್ಮ ಹಟ ಹಿಡಿದಳು. ಆ ಡಾಕ್ಟರು ಬೆರಳಿನಲ್ಲಿ ಮುಟ್ಟಿದರೆ ಸಾಕು, ಪೊರೆ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಬೀಳುತ್ತಿತ್ತು. ಹೀಗೆ ಸುನಂದಮ್ಮನಿಗೆ ಕತೆ ಕಟ್ಟುವುದು ಅಭ್ಯಾಸವಾಯಿತು. ಕತೆಯಲ್ಲಿ ಯಾರಿಗೂ ಕೇಡಾಗದಂತೆ ನೋಡಿಕೊಳ್ಳುವುದೂ ಅದರ ಜೊತೆಗೇ ಬಂತು, ಯಾಕೆಂದರೆ ಕೇಡಾದರೆ ಮಾಯಮ್ಮ ಊಟ ಬಿಡುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿ, ಹೊಗೆಸೊಪ್ಪಿನ ಸುಗ್ಗಿ. ಪಕ್ಕದ ಮನೆಯ ನಮ್ಮಜ್ಜಿ ಕುಳ್ಳಮ್ಮ ಸುನಂದಮ್ಮನನ್ನು ಷಣ್ಮುಖಪ್ಪನ ಮಂಡಿಗೆ ಕೆಲಸಕ್ಕೆ ಕರೆದುಕೊಂಡು ಹೋದಳು. ಮಂಡಿ ಎಂದರೆ ಲಕ್ಷ್ಮಣತೀರ್ಥ ಹೊಳೆಯ ಸೇತುವೆ ದಾಟಿದ ಮೇಲೆ ಒಂದು ಉದ್ದನೆಯ ಹೆಂಚಿನ ಕಟ್ಟಡ. ಬೆಳಕಿಗೆಂದು ಅಲ್ಲಲ್ಲಿ ಗಾಜಿನ ಹೆಂಚು ಹಾಕಿದ್ದರು. ಹೆಂಗಸರು ಗೋಣಿತಾಟು ಹಾಸಿಕೊಂಡು ಎರಡು ಸಾಲಾಗಿ ಕೂತು, ಬಿಸಿಗಾಳಿಯಲ್ಲಿ ಬೇಯಿಸಿ ಬಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಿ ಕಂತೆ ಕಟ್ಟಬೇಕು. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಸುಟ್ಟದ್ದು, ಹಸಿರು ಉಳಿದದ್ದು ಇನ್ನೊಂದು ಕಡೆ. ಸೊಪ್ಪಿನ ಘಾಟಿಗೆ ಮೊದಲು ಸೀನು ಬರುತ್ತದೆ, ಆಮೇಲೆ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಬಣ್ಣ ತಪ್ಪುತ್ತದೆ. ಅದಕ್ಕೇ ಮಂಡಿಯಲ್ಲಿ ಕತೆ ಹೇಳುವವರಿಗೆ ಷಣ್ಮುಖಪ್ಪನೇ ಬೆಳಕು ಚೆನ್ನಾಗಿ ಬೀಳುವ ಜಾಗ ಕೊಡುತ್ತಿದ್ದ.

ಆ ಜಾಗದಲ್ಲಿ ಆಗ ಕೂರುತ್ತಿದ್ದವಳು ಚಿಕ್ಕಸಿದ್ದಮ್ಮ. ಹೆಗ್ಗಡದೇವನಕೋಟೆ ಕಡೆಯ ಹೆಂಗಸು, ಗಂಡ ಸತ್ತ ಮೇಲೆ ಹುಣಸೂರಿಗೆ ಬಂದು ಮಗಳ ಮನೆಯಲ್ಲಿದ್ದಳು. ಎತ್ತರದ ಆಳು, ಗಂಡಸಿನಂಥ ಗಂಟಲು. ಚಿಕ್ಕಂದಿನಲ್ಲಿ ಅವರ ಊರಿಗೆ ತಂಬೂರಿಯವರು ಬಂದು ಮುಂದೆ ಬರುವ ಕಾಲದ ಕೇಡುಗಳನ್ನು ಹಾಡುತ್ತಿದ್ದರಂತೆ. ಹಾಡು ಅವಳಿಗೆ ಮರೆತಿತ್ತು, ಕೇಡು ಮರೆತಿರಲಿಲ್ಲ. ಆ ಜಾಡಿನಲ್ಲಿ ತನ್ನದೇ ಕತೆಗಳನ್ನು ನೇಯುತ್ತಿದ್ದಳು. ಮುಂದೊಂದು ಕಾಲಕ್ಕೆ ಯಂತ್ರಗಳು ಮಕ್ಕಳನ್ನು ತೂಗುತ್ತವೆ, ಮಕ್ಕಳು ತಾಯಿಯನ್ನು ಬಿಟ್ಟು ಯಂತ್ರವನ್ನೇ ಅವ್ವ ಎನ್ನುತ್ತವೆ. ಹೊಳೆಗಳು ಬಂದ ದಾರಿ ಮರೆತು ಹಿಂದಕ್ಕೆ ಹರಿಯುತ್ತವೆ. ಪ್ರತಿ ಕತೆಯೂ ಒಂದು ನರಪಿಳ್ಳೆಯೂ ಉಳಿಯಲಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಹೆಂಗಸರು ಸೆರಗನ್ನು ತಲೆತುಂಬ ಎಳೆದುಕೊಂಡು, ಶಿವಶಿವಾ ಎಂದು, ಇನ್ನೊಂದು ಹೇಳು ಎನ್ನುತ್ತಿದ್ದರು.

ಸುನಂದಮ್ಮ ಹೊಸಬಳು. ಮೊದಮೊದಲು ತಲೆ ತಗ್ಗಿಸಿಕೊಂಡು ಸೊಪ್ಪು ಆರಿಸುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಷಣ್ಮುಖಪ್ಪ ಪೇಪರು ಹಿಡಿದುಕೊಂಡು ಒಳಗೆ ಬಂದ. ರಷ್ಯಾದವರು ತಾವೇ ಒಂದು ಚಂದ್ರನನ್ನು ಮಾಡಿ ಮೇಲಕ್ಕೆ ಹಾರಿಸಿದ್ದಾರೆ, ಅದು ಭೂಮಿಯನ್ನು ಸುತ್ತುತ್ತ ಕೀಚುಕೀಚು ಎನ್ನುತ್ತಿದೆ, ರೇಡಿಯೋದಲ್ಲಿ ಅದರ ದನಿ ಕೇಳಿಸುತ್ತದಂತೆ ಎಂದು ಓದಿ ಹೇಳಿ ಹೋದ. ಅವನು ಹೋದದ್ದೇ ಎಲ್ಲರ ಕಣ್ಣೂ ಚಿಕ್ಕಸಿದ್ದಮ್ಮನ ಕಡೆ ತಿರುಗಿತು. ಅವಳಿಗೆ ಸಂಭ್ರಮವೋ ಸಂಭ್ರಮ. ಒಂದು ಆಕಾಶಕ್ಕೆ ಎರಡು ಚಂದ್ರ ಎಂದರೆ ಒಂದು ಮನೆಗೆ ಇಬ್ಬರು ಹೆಂಡಿರು ಬಂದ ಹಾಗೆ, ಹಳಬಳು ಸುಮ್ಮನಿರುವುದಿಲ್ಲ, ಜಗಳದಲ್ಲಿ ಯಾರಾದರೊಬ್ಬರು ಕೆಳಗೆ ಬಂದೇ ಬರುತ್ತಾರೆ ಎಂದಳು. ಎಲ್ಲಿ ಬೀಳುತ್ತದೆ ಎಂದು ಯಾರೋ ಕೇಳಿದ್ದಕ್ಕೆ, ಹುಣಸೂರಿನ ಮೇಲೆ ಬೀಳುವುದಿಲ್ಲ ಅಂತ ಬರೆದುಕೊಟ್ಟವರುಂಟೇ ಎಂದಳು. ಬಸುರಿ ಹುಡುಗಿಯೊಬ್ಬಳು ಅಳುವುದಕ್ಕೆ ಶುರುಮಾಡಿದಳು.

ಆಗ ಸುನಂದಮ್ಮ ಮೊದಲ ಸಲ ಬಾಯಿ ಬಿಟ್ಟಳು. "ಬಿದ್ರೆ ಬೀಳ್ಲಿ ಬುಡು ದೊಡ್ಡವ್ವ. ಅದು ಬೀಳೋದ್ರೊಳಗೆ ನಾವೇ ಒಂದ್ಸಲ ಹತ್ತಿ ನೋಡ್ಕಬರಾನ."

ಅತ್ತೆಗೆ ಹೇಳಿ ಹೇಳಿ ಹದವಾಗಿದ್ದ ಊರು ಮಂಡಿಯ ಹೆಂಗಸರ ಪಾಲಿಗೆ ತೆರೆದುಕೊಂಡಿತು. ಕೊಪ್ಪರಿಗೆಯಲ್ಲಿ ಎಲ್ಲರೂ ಹತ್ತಿದರು. ಅಳುತ್ತಿದ್ದ ಬಸುರಿಗೆ ಕಿಂಡಿಯ ಪಕ್ಕದ ಜಾಗ. ಚಂದ್ರನಲ್ಲಿ ಎಲ್ಲವೂ ಹಗುರ, ರಾಗಿ ಮೂಟೆಯನ್ನು ಒಂದು ಕೈಯಲ್ಲಿ ಎತ್ತಬಹುದು, ತುಂಬಿದ ಕೊಡ ಸೊಂಟಕ್ಕೆ ಹೂವಿನ ಹಾಗೆ. ಮಣ್ಣು ಒಲೆಯ ಬೂದಿಯಂಥದ್ದು. ಅದಕ್ಕೆ ರಾಗಿ ಬಿತ್ತಿದರೆ ತೆನೆ ಮುಷ್ಟಿಗಾತ್ರ. ಹೆಂಗಸರು ಕೆಲಸ ಮಾಡುತ್ತಲೇ ಪ್ರಶ್ನೆ ಹಾಕತೊಡಗಿದರು. ಅಲ್ಲಿ ಎಲೆಯಡಿಕೆ ಉಗಿದರೆ ಎಲ್ಲಿ ಬೀಳುತ್ತದೆ ಎಂದು ನಮ್ಮಜ್ಜಿ ಕೇಳಿದಳು. ಬಹಳ ನಿಧಾನವಾಗಿ ಬೀಳುತ್ತದೆ, ಉಗಿದವಳು ಪಕ್ಕಕ್ಕೆ ಸರಿಯುವಷ್ಟು ಹೊತ್ತು ಇರುತ್ತದೆ ಎಂದು ಸುನಂದಮ್ಮ ಹೇಳಿದಳು. ನೆಲ ಸಾರಿಸುವುದಕ್ಕೆ ಸಗಣಿ ಎಲ್ಲಿ ಎಂದು ಇನ್ನೊಬ್ಬಳು ಕೇಳಿದಾಗ ಹಸುವನ್ನೂ ಕರೆದೊಯ್ಯುವುದು ಖಂಡಿತವಾಯಿತು. ಹಸುವನ್ನು ಕೊಪ್ಪರಿಗೆಗೆ ಹತ್ತಿಸುವುದು ಹೇಗೆ ಎಂಬ ಚರ್ಚೆಗೇ ಎರಡು ದಿನ ಹಿಡಿಯಿತು. ಚಿಕ್ಕಸಿದ್ದಮ್ಮ ಮೂತಿ ತಿರುಗಿಸಿಕೊಂಡು ಕೂತಿದ್ದವಳು, ಹಸುವಿನ ವಿಷಯಕ್ಕೆ ಮಾತ್ರ ತಡೆಯಲಾರದೆ, ಮೊದಲು ಕರು ಹತ್ತಿಸಿ, ತಾಯಿ ತಾನೇ ಬರುತ್ತದೆ ಎಂದುಬಿಟ್ಟಳು.

ಷಣ್ಮುಖಪ್ಪನಿಗೂ ಈ ಕತೆ ಹಿಡಿಸಿತು. ಮಧ್ಯಾಹ್ನದ ಊಟ ಮುಗಿಸಿ ಬಂದು ಬೆತ್ತದ ಕುರ್ಚಿ ಹಾಕಿಕೊಂಡು ಕೇಳತೊಡಗಿದ. ಬೆಳಕಿನ ಜಾಗ ಸುನಂದಮ್ಮನಿಗೆ ಬಂತು.

ಆದರೆ ಒಂದು ತಿಂಗಳಾಗುವಷ್ಟರಲ್ಲಿ ಕತೆಗೆ ಮುಪ್ಪು ಬಂತು. ಚಂದ್ರನ ಮೇಲೆ ಯಾರಿಗೂ ಜ್ವರ ಬರುತ್ತಿರಲಿಲ್ಲ, ಬೆಳೆಗೆ ಹುಳ ಬೀಳುತ್ತಿರಲಿಲ್ಲ, ಓರಗಿತ್ತಿಯರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಸುನಂದಮ್ಮ ತಲೆಯೆತ್ತಿ ನೋಡಿದರೆ ಒಂದು ಸಾಲಿಗೆ ಸಾಲೇ ತೂಕಡಿಸುತ್ತಿತ್ತು. ಕುರ್ಚಿಯಲ್ಲಿ ಷಣ್ಮುಖಪ್ಪ ಗೊರಕೆ ಹೊಡೆಯುತ್ತಿದ್ದ. ಕತೆ ಹೇಳುವವಳಿಗೆ ಇದಕ್ಕಿಂತ ಪೆಟ್ಟು ಇನ್ನೇನಿದೆ. ಮನೆಗೆ ಹೋಗುವ ದಾರಿಯಲ್ಲಿ ನನ್ನ ಕತೆಗೆ ಏನು ಕಮ್ಮಿಯಾಗಿದೆ ಎಂದು ಅವಳು ನಮ್ಮಜ್ಜಿಯನ್ನು ನೇರವಾಗಿ ಕೇಳಿದಳು.

"ನಿನ್ ಕತೇಲಿ ಎಲ್ಲಾ ಚೆಂದಾಗದೆ ಕಣವ್ವ. ಆದ್ರೆ ಎಲ್ಲಾ ಚೆಂದಾಗಿರೋ ಮನೇಲಿ ನೋಡಾಕೇನದೆ? ಜಗಳ ಆಯ್ತಾ ಇದ್ರೆ ನಾನು ಗೋಡೆ ಹತ್ತಿ ನೋಡ್ತೀನಿ" ಎಂದಳು ಅಜ್ಜಿ.

ಹೆಂಗಸರು ಮತ್ತೆ ಚಿಕ್ಕಸಿದ್ದಮ್ಮನ ಕಡೆ ವಾಲಿದರು. ಅವಳು ಇದಕ್ಕೇ ಕಾದಿದ್ದವಳಂತೆ ಹೊಸ ಕತೆಯೊಂದನ್ನು ತೆಗೆದಳು. ಮುಂದೆ ಭೂಮಿಯ ಗಾಳಿಯೆಲ್ಲ ಕೆಟ್ಟುಹೋಗುತ್ತದೆ. ಆಗ ಜನ ಗಾಜಿನ ಗೂಡು ಕಟ್ಟಿ, ಊರಿಗೆ ಊರನ್ನೇ ಅದರೊಳಗೆ ಇಟ್ಟುಕೊಂಡು ಬದುಕುತ್ತಾರೆ. ಒಳಗಿನ ಒಳ್ಳೆಯ ಗಾಳಿ ಹೊರಕ್ಕೆ ಹೋಗಬಾರದೆಂದು ಊರಿಗೆಲ್ಲ ಒಂದೇ ಬಾಗಿಲು. ಅದಕ್ಕೆ ಹೊರಗಡೆಯಿಂದ ಚಿಲಕ. ಚಿಲಕ ತೆಗೆಯುವುದಕ್ಕೆ ಒಬ್ಬನೇ ಆಳು. ಒಂದು ದಿನ ಮಟಮಟ ಮಧ್ಯಾಹ್ನ ಒಳಗೆ ಕಿಡಿ ಬೀಳುತ್ತದೆ. ಜನ ಬಾಗಿಲಿಗೆ ಓಡುತ್ತಾರೆ. ಚಿಲಕದವನು ಉಣ್ಣುವುದಕ್ಕೆ ಹೋಗಿದ್ದಾನೆ.

ಅಲ್ಲಿಗೆ ಅವಳು ನಿಲ್ಲಿಸಿದಳು. ಯಾವಾಗಲೂ ಹೇಳುವ ನರಪಿಳ್ಳೆಯ ಮಾತನ್ನೂ ಹೇಳಲಿಲ್ಲ.

ಎಲ್ಲರೂ ಮೆಲ್ಲಗೆ ತಿರುಗಿ ಬಾಗಿಲ ಕಡೆ ನೋಡಿದರು. ಆ ಉದ್ದನೆಯ ಕಟ್ಟಡಕ್ಕೆ ಇದ್ದದ್ದು ಒಂದೇ ಬಾಗಿಲು. ಗಾಳಿಯಾಡಿದರೆ ಸೊಪ್ಪು ಒಣಗಿ ಪುಡಿಯಾಗುತ್ತದೆ ಎಂದು ಅದನ್ನು ಮುಚ್ಚಿ, ಕದ ಬಡಿದುಕೊಳ್ಳದಿರಲೆಂದು ಕಾವಲಿನ ಹುಚ್ಚಯ್ಯ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಬಸುರಿ ಹುಡುಗಿ ಎದ್ದು ಹೋಗಿ ಬಾಗಿಲು ತಟ್ಟಿದಳು. ಉತ್ತರವಿಲ್ಲ. ನಾಲ್ಕು ಜನ ಸೇರಿ ಹುಚ್ಚಯ್ಯನ ಹೆಸರು ಹಿಡಿದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಹುಚ್ಚಯ್ಯ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ. ಅವನು ಉಣ್ಣುವುದಕ್ಕೆ ಹೋಗಿದ್ದ.

ಮರುದಿನ ಬೆಳಿಗ್ಗೆ ಒಬ್ಬಳೂ ಒಳಗೆ ಕಾಲಿಡಲಿಲ್ಲ. ಚಿಲಕ ಹಾಕುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಬರುತ್ತೇವೆ ಎಂದು ಹೊರಗೇ ಕೂತರು. ಬಾಗಿಲು ತೆರೆದಿಟ್ಟರೆ ಸುಗ್ಗಿಯ ಸೊಪ್ಪೆಲ್ಲ ಹಾಳಾಗುತ್ತದೆ ಎಂದು ಷಣ್ಮುಖಪ್ಪ ವಾದಿಸಿದ. ಅವನು ಕೆಟ್ಟವನಲ್ಲ, ಆದರೆ ಹೆದರಿದ್ದ. ಕೊನೆಗೆ ಚಿಲಕ ಬೇಡ, ಬಾಗಿಲನ್ನು ಸುಮ್ಮನೆ ಒತ್ತಿಡೋಣ ಎಂದು ಒಪ್ಪಿ, ಸಿಟ್ಟನ್ನೆಲ್ಲ ಚಿಕ್ಕಸಿದ್ದಮ್ಮನ ಮೇಲೆ ತೀರಿಸಿದ. ಅಪಶಕುನದ ಕತೆ ಹೇಳಿ ಒಳ್ಳೆಯ ಮಂಡಿಯನ್ನು ಕೆಡಿಸಿದೆ, ನಾಳೆಯಿಂದ ಬರಬೇಡ ಎಂದ. ಅವಳು ಗೋಣಿತಾಟು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು.

ಈಗ ಮಂಡಿಯಲ್ಲಿ ಸುನಂದಮ್ಮ ಒಬ್ಬಳೇ ಕತೆಗಾರ್ತಿ. ಅದು ಅವಳಿಗೆ ಹಿಡಿಸಲಿಲ್ಲ. ಸಂತೆಯ ದಿನ ಮಂಡಿಗೆ ರಜ. ಅವಳು ಚಿಕ್ಕಸಿದ್ದಮ್ಮನ ಮಗಳ ಮನೆ ಹುಡುಕಿಕೊಂಡು ಹೋದಳು. ಮುದುಕಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುನಂದಮ್ಮ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಳು. ಅರ್ಧ ಮೊರ ಮುಗಿದ ಮೇಲೆ, ಯಾವಾಗಲೂ ಕೇಡನ್ನೇ ಯಾಕೆ ಹೇಳುತ್ತೀಯ ದೊಡ್ಡವ್ವ ಎಂದು ಕೇಳಿದಳು.

ಚಿಕ್ಕಸಿದ್ದಮ್ಮ ತನ್ನ ತವರಿನ ವಿಚಾರ ತೆಗೆದಳು. ಹೆಗ್ಗಡದೇವನಕೋಟೆಯ ಆಚೆ, ಕಪಿಲೆ ಹೊಳೆಯ ದಂಡೆಯಲ್ಲಿ ಅವಳ ಊರು. ಹಿಂದಿನ ಬೇಸಗೆಯಲ್ಲಿ ಅಳತೆ ಮಾಡುವವರು ಸರಪಳಿ ಬಾವುಟ ಹಿಡಿದುಕೊಂಡು ಬಂದು, ಅವಳ ತಮ್ಮ ಮಂಟಯ್ಯನ ಹೊಲದಲ್ಲಿ ಕಲ್ಲು ನೆಟ್ಟಿದ್ದರು. ಬೀಚನಹಳ್ಳಿಯ ಹತ್ತಿರ ಹೊಳೆಗೆ ಕಟ್ಟೆ ಬರುತ್ತದೆ ಎಂಬ ಸುದ್ದಿ. ಬಂದವರಲ್ಲಿ ಒಬ್ಬ ಒಳ್ಳೆಯ ಹುಡುಗನಂತೆ. ಮಜ್ಜಿಗೆ ಕುಡಿದು, ಊರವರನ್ನು ಕೂರಿಸಿಕೊಂಡು, ಮುಂದೆ ಎಲ್ಲಿ ನೋಡಿದರೂ ನೀರು, ಮನೆಮನೆಗೂ ದೀಪ, ವರ್ಷಕ್ಕೆ ಎರಡು ಬೆಳೆ ಎಂದು ಚೆನ್ನಾಗಿ ಹೇಳಿದನಂತೆ.

"ನಿನ್ನಂಗೇ ಹೇಳ್ದ ಕಣ ಮಗಾ. ಕೇಳಾಕೆ ಬಲೇ ಚೆಂದಾಗಿತ್ತು. ಆ ಕತೇಲಿ ನಮ್ಮೂರು ಮಾತ್ರ ಇರ್ನಿಲ್ಲ."

ಸುನಂದಮ್ಮ ಹುಟ್ಟಿ ಬೆಳೆದದ್ದೇ ನಾಲೆಯ ನೀರಿನಿಂದ. ಆ ನಾಲೆಗೆಂದು ಹೊಳೆ ಕಟ್ಟಿ ನೀರು ನಿಲ್ಲಿಸಿದ ಕಡೆ ಅದಕ್ಕೂ ಮೊದಲು ಏನಿತ್ತು ಎಂದು ಅವಳ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ.

"ಕೆಟ್ಟದ್ದ ಹೇಳಿದ್ರೆ ಕೆಟ್ಟದ್ದಾಯ್ತದೆ ಅಂತ ನಾನು ಹೇಳೋದಲ್ಲ" ಎಂದಳು ಚಿಕ್ಕಸಿದ್ದಮ್ಮ. "ಯಾರಾರ ಒಬ್ರು ಬಾಗ್ಲ ಕಡೆ ತಿರುಗಿ ನೋಡ್ಲಿ ಅಂತ."

ಮರುದಿನ ಮಧ್ಯಾಹ್ನ ಷಣ್ಮುಖಪ್ಪ ಕುರ್ಚಿಯಲ್ಲಿ ಕೂತು, ಚಂದ್ರನ ಕತೆ ಎಲ್ಲಿಗೆ ಬಂತು ಎಂದು ಕೇಳಿದ. ಇವತ್ತು ಬೇರೆ ಕತೆ ಎಂದು ಸುನಂದಮ್ಮ ಗಾಜಿನ ಊರನ್ನೇ ಎತ್ತಿಕೊಂಡಳು. ಅವನ ಮುಖ ಗಂಟಾಯಿತು. ಅವಳು ಸೊಪ್ಪಿನಿಂದ ಕಣ್ಣೆತ್ತದೆ ಮುಂದುವರಿಸಿದಳು. ಚಿಲಕದವನು ಉಂಡು ಬಂದ, ಪುಣ್ಯಕ್ಕೆ ಕಿಡಿಯನ್ನು ಒಬ್ಬಳು ಕಂಬಳಿ ಹಾಕಿ ಆರಿಸಿದ್ದಳು, ಅವತ್ತಿಗೆ ಯಾರೂ ಸಾಯಲಿಲ್ಲ. ಆದರೆ ಹೆಂಗಸರಿಗೆ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಅವರೆಲ್ಲ ಸೇರಿ ಊರಿನ ಯಜಮಾನರ ಹತ್ತಿರ ಹೋಗಿ, ಹಿಂದಿನ ಗೋಡೆಗೆ ಇನ್ನೊಂದು ಬಾಗಿಲು ಬೇಕು, ಅದರ ಚಿಲಕ ಒಳಗಡೆ ಇರಬೇಕು ಎಂದು ಕೇಳಿದರು.

ಅಲ್ಲಿಗೆ ಕತೆ ನಿಲ್ಲಿಸಿ ಇನ್ನೊಂದು ಕಂತೆ ಎತ್ತಿಕೊಂಡಳು. ಮುಂದೇನಾಯಿತು ಎಂದು ಷಣ್ಮುಖಪ್ಪನೇ ಕೇಳಬೇಕಾಯಿತು.

"ಅದು ನಂಗೆ ಗೊತ್ತಿಲ್ಲ ಸಾವ್ಕಾರ್ರೇ. ಯಜಮಾನ್ರ ಮನಸ್ಸು ಯಜಮಾನ್ರಿಗೇ ತಿಳಿಬೇಕು. ನೀವೇ ಹೇಳಿ."

ಷಣ್ಮುಖಪ್ಪ ದಡ್ಡನಲ್ಲ. ಮೊದಲು ಸಿಟ್ಟು ಬಂತು, ಅದು ಅವನ ಕಿವಿಯ ಮೇಲೆ ಕಾಣಿಸಿತು ಎಂದು ಅಜ್ಜಿ ಹೇಳುತ್ತಿದ್ದಳು. ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೀಸೆ ನೀವಿಕೊಂಡು, ಒಂದಿಷ್ಟೂ ಗಾಳಿ ನುಗ್ಗದ ಹಾಗೆ ಬಾಗಿಲು ಕೂರಿಸುವವರು ಆ ಊರಿನಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದ.

"ಇದ್ರು ಸಾವ್ಕಾರ್ರೇ" ಎಂದಳು ಸುನಂದಮ್ಮ. "ಸಾಮಿಲ್ಲಲ್ಲಿ ಕೆಲಸ ಮಾಡ್ತಿದ್ರು."

ಗಂಡನ ಹೆಸರು ಹೇಳಲಾರದೆ ಅವಳು ಹಾಗೆಂದದ್ದು ಕೇಳಿ ನಮ್ಮಜ್ಜಿ ಸೊಪ್ಪಿನ ರಾಶಿಯೊಳಗೆ ಮುಖ ಹುದುಗಿಸಿಕೊಂಡು ನಕ್ಕಳು, ನಕ್ಕು ಸೀನಿದಳು. ಆಮೇಲೆ ಇಡೀ ಮಂಡಿ ನಕ್ಕಿತು. ಷಣ್ಮುಖಪ್ಪನೂ ನಗದೆ ಇರಲಾಗಲಿಲ್ಲ.

ಬಸವರಾಜು ಮತ್ತಿಮರದ ಹಲಗೆ ತಂದು, ಗೋಡೆ ಒಡೆಸಿ, ಬಾಗಿಲು ನಿಲ್ಲಿಸಿದ. ಎಷ್ಟು ಬಿಗಿಯೆಂದರೆ ಮೊದಲ ದಿನ ತೆಗೆಯುವುದಕ್ಕೆ ಇಬ್ಬರು ಒದೆಯಬೇಕಾಯಿತು. ಅವನು ಅದನ್ನು ಮತ್ತೆ ಬಿಚ್ಚಿ, ಉಜ್ಜಿ, ಒಂದು ಬೆರಳಿಗೆ ತೆರೆಯುವ ಹಾಗೆ ಮಾಡಿದ. ಚಿಕ್ಕಸಿದ್ದಮ್ಮನನ್ನು ಕರೆತರಲು ಷಣ್ಮುಖಪ್ಪ ಹುಚ್ಚಯ್ಯನನ್ನು ಕಳಿಸಿದರೆ ಅವಳು ಬರುವುದಿಲ್ಲವೆಂದಳು. ಆಮೇಲೆ ನಮ್ಮಜ್ಜಿ ಹೋಗಿ, ಬಾಗಿಲು ಸೊಟ್ಟಗೆ ಕೂರಿಸುತ್ತಿದ್ದಾರೆ ಎಂದು ಸುಳ್ಳು ಹೇಳಿದ ಮೇಲೆ, ನೋಡದೆ ಇರಲಾರದೆ ಬಂದಳು. ಬಂದವಳು ಬಾಗಿಲನ್ನು ಮೂರು ಸಲ ತೆಗೆದು ಹಾಕಿ ನೋಡಿದಳು. ತೃಪ್ತಿಯಾಯಿತೆಂದು ಎಲ್ಲರೂ ಅಂದುಕೊಂಡಾಗ, ಬಾಗಿಲೇನೋ ಬಂತು, ಇನ್ನು ಕಳ್ಳರೂ ಬರುತ್ತಾರೆ ಎಂದಳು.

ಅಲ್ಲಿಂದಾಚೆ ಇಬ್ಬರೂ ಎದುರುಬದುರು ಕೂತು ಒಂದೇ ಕತೆಯನ್ನು ಹೇಳತೊಡಗಿದರು. ಅದೇನು ಹಾಲುಜೇನಿನ ಕೂಡಿಕೆಯಲ್ಲ. ಚಂದ್ರನ ಊರಿನಲ್ಲಿ ಗಂಗೆ ಎಂಬ ಗಟ್ಟಿಗಿತ್ತಿ ಇದ್ದಳು. ಸುನಂದಮ್ಮನಿಗೆ ಅಚ್ಚುಮೆಚ್ಚಿನವಳು. ಚಿಕ್ಕಸಿದ್ದಮ್ಮ ಅವಳನ್ನು ಒಂದು ಬೆಳಿಗ್ಗೆ ಕಲ್ಲಿನ ಮಳೆಗೆ ಸಿಕ್ಕಿಸಿ ಕೊಂದುಬಿಟ್ಟಳು. ಹೆಂಗಸರು ಕಣ್ಣೀರಿಟ್ಟರು. ಮಧ್ಯಾಹ್ನ ಸುನಂದಮ್ಮ ಯಾವುದೋ ಬೇರಿನ ರಸ ಕುಡಿಸಿ ಗಂಗೆಯನ್ನು ಎಬ್ಬಿಸಿ ಕೂರಿಸಿದಳು. ಚಿಕ್ಕಸಿದ್ದಮ್ಮ ಕೈಯಲ್ಲಿದ್ದ ಕಂತೆಯನ್ನು ಎಸೆದಳು.

"ಸತ್ತೋಳು ಸತ್ತಂಗೇ ಇರ್ಬೇಕು ಕಣ ಮಗಾ. ಇಲ್ದಿದ್ರೆ ನಾಳೆ ನಾನು ಯಾರನ್ನ ಸಾಯ್ಸಿದ್ರೂ ಇವರು ಅಳಾಕಿಲ್ಲ. ಅಳ್ದೆ ಇದ್ದೋರು ನೀನು ನಗ್ಸಿದ್ರೂ ನಗಾಕಿಲ್ಲ."

ಎರಡು ದಿನ ಮಾತು ಬಿಟ್ಟರು. ಆಮೇಲೆ ಒಂದು ಒಪ್ಪಂದವಾಯಿತು. ಮುಂಚಿತವಾಗಿ ಹೇಳದೆ ಯಾರನ್ನೂ ಕೊಲ್ಲುವಂತಿಲ್ಲ, ಸತ್ತವರನ್ನು ಎಬ್ಬಿಸುವಂತಿಲ್ಲ. ಗಂಗೆ ಸತ್ತೇ ಹೋದಳು. ಅವಳು ಬಿತ್ತಿದ್ದ ರಾಗಿಯನ್ನು ಅವಳ ಮಗಳು ಕೊಯ್ದಳು. ಆ ಕೊಯ್ಲಿನ ದಿನ ಮಂಡಿಯಲ್ಲಿ ಒಬ್ಬಳೂ ತೂಕಡಿಸಲಿಲ್ಲ, ಸೀನು ಬಂದವರೂ ತಡೆದುಕೊಂಡರು ಎಂದು ಅಜ್ಜಿ ಹೇಳುತ್ತಿದ್ದಳು.

ಮನೆಯಲ್ಲಿ ಮಾಯಮ್ಮನಿಗೂ ದಿನದ ಕತೆ ಒಪ್ಪಿಸಬೇಕಾಗಿತ್ತು. ಗಂಗೆ ಸತ್ತ ಸುದ್ದಿ ಕೇಳಿ ಅವಳು ತಟ್ಟೆ ತಳ್ಳಲಿಲ್ಲ, ಮಗಳ ಗತಿ ಏನು ಎಂದು ಕೇಳಿ ಊಟ ಮುಗಿಸಿದಳು. ಮುಂದಿನ ವರ್ಷ ಮೈಸೂರಿನಿಂದ ಕಣ್ಣಿನ ಡಾಕ್ಟರುಗಳು ಹುಣಸೂರಿಗೆ ಬಂದಾಗ, ಕತ್ತರಿ ಎಂದರೆ ಮೂರ್ಛೆ ಹೋಗುತ್ತಿದ್ದ ಮುದುಕಿ ತಾನೇ ಹೊರಟಳು. ಮುಟ್ಟಿದರೆ ಪೊರೆ ಉದುರುವುದಿಲ್ಲ, ನೋವಾಗುತ್ತದೆ, ವಾರಗಟ್ಟಲೆ ಅಲುಗಾಡದೆ ಮಲಗಬೇಕು ಎಂದು ಸೊಸೆ ಒಂದನ್ನೂ ಮುಚ್ಚಿಡದೆ ಹೇಳಿದ್ದಳು. ಒಂದು ಕಣ್ಣಿಗೆ ನೋಟ ಚೆನ್ನಾಗಿ ಬಂತು. ಪಟ್ಟಿ ಬಿಚ್ಚಿ ಮನೆಗೆ ಬಂದ ಮಾಯಮ್ಮ ತಲೆಯೆತ್ತಿ ಜಂತೆ ನೋಡಿ, ಇಷ್ಟು ವರ್ಷ ಈ ಜೇಡರ ಬಲೆಯೊಳಗೇ ನಾನು ಬಾಳುವೆ ಮಾಡಿದ್ದು ಎಂದು ಪೊರಕೆ ಕೇಳಿದಳು.

ಐವತ್ತೊಂಬತ್ತರಲ್ಲಿ ಬೀಚನಹಳ್ಳಿಯ ಹತ್ತಿರ ಕಟ್ಟೆಯ ಕೆಲಸ ಶುರುವಾಯಿತು. ಆ ಸುಗ್ಗಿಗೆ ಮೊದಲು ಚಿಕ್ಕಸಿದ್ದಮ್ಮ, ನಮ್ಮೂರು ನೋಡಬೇಕಾದರೆ ಈಗಲೇ ಬಾ ಎಂದು ಸುನಂದಮ್ಮನನ್ನು ಕರೆದಳು. ಅಜ್ಜಿಯೂ ಜೊತೆಗೆ ಹೊರಟಳು. ಕೋಟೆಯಲ್ಲಿ ಬಸ್ಸು ಬದಲಿಸಿ, ಆಮೇಲೆ ನಡೆದು ಹೋದರು. ಮಂಟಯ್ಯ ಕೋಳಿ ಕುಯ್ದು ಊಟ ಹಾಕಿದ. ಬದಲಿಗೆ ಬೇರೆ ಕಡೆ ಜಮೀನು ಕೊಡುತ್ತಾರಂತೆ, ನೋಡಿ ಬಂದೆ, ಮಣ್ಣು ಕೆಂಪಗಿದೆ, ಹೊಳೆ ದೂರ ಎಂದ. ಅವನ ಹೆಂಡತಿ ಹೊಸ ಊರಿಗೆ ಮೊರ, ಒನಕೆ ಯಾವುದನ್ನು ಒಯ್ಯಬೇಕು ಎಂಬ ಯೋಚನೆಯಲ್ಲಿದ್ದಳು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಹೊಳೆಯ ದಂಡೆಯಲ್ಲಿ ಕಾಲು ನೀರಿಗೆ ಬಿಟ್ಟು ಕೂತರು. ನೂರು ವರ್ಷ ಆದ ಮೇಲೆ ಇಲ್ಲಿ ಏನಿರುತ್ತದೆ ಹೇಳು ಎಂದು ಚಿಕ್ಕಸಿದ್ದಮ್ಮ ಕೇಳಿದಳು. ದೀಪ, ನೀರು, ಎರಡು ಬೆಳೆ ಎಂದು ಅಲ್ಲಿ ಕೂತು ಹೇಳುವುದಕ್ಕೆ ಸುನಂದಮ್ಮನಿಗೆ ನಾಲಿಗೆ ಏಳಲಿಲ್ಲ. ನನಗೆ ಆಗುವುದಿಲ್ಲ ದೊಡ್ಡವ್ವ, ನೀನೇ ಹೇಳು ಎಂದಳು.

ಚಿಕ್ಕಸಿದ್ದಮ್ಮ ನರಪಿಳ್ಳೆಯೂ ಉಳಿಯಲಿಲ್ಲ ಎನ್ನುತ್ತಾಳೆಂದು ಅಜ್ಜಿ ಎದೆ ಗಟ್ಟಿ ಮಾಡಿಕೊಂಡಳು.

"ಮೀನು ಬಂದು ನಮ್ಮನೇಲಿ ಸಂಸಾರ ಹೂಡ್ತವೆ" ಎಂದಳು ಮುದುಕಿ. "ಒಲೆ ಮೇಲೆ ದೊಡ್ಡ ಮೀನು, ಅಟ್ಟದ ಮೇಲೆ ಮರಿಮೀನು. ನಮ್ ಮಂಟಯ್ಯನ ಎಂಡ್ತಿಗಿಂತ ಚೆನ್ನಾಗಿ ಮನೆ ನೋಡ್ಕತವೆ. ಕೆಂಪು ಮಣ್ಣಲ್ಲಿ ಇವನ ಮರಿಮಕ್ಕಳು ಬೆಳ್ದು, ಬಲೆ ತಕ್ಕೊಂಡು ಬಂದು, ಇಲ್ಲೆಲ್ಲೋ ನಮ್ಮಜ್ಜನ ಮನೆ ಇತ್ತಂತೆ ಕಣ್ಲಾ ಅಂತ ಬಲೆ ಬೀಸ್ತವೆ."

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ಮೀನಿಗೆ ಖಾರ ಎಷ್ಟು ಹಾಕುತ್ತಾರೆ ಎಂದು ಸುನಂದಮ್ಮ ಕೇಳಿದಳು. ಕಾಲ ಕೆಟ್ಟಿರುತ್ತದೆ, ಬರೀ ಸಪ್ಪೆ ಮಾಡಿ ತಿನ್ನುತ್ತಾರೆ ಎಂದಳು ಚಿಕ್ಕಸಿದ್ದಮ್ಮ. ಅದನ್ನು ಮಾತ್ರ ಸುನಂದಮ್ಮ ಒಪ್ಪಲಿಲ್ಲ. ಬಸ್ಸು ಬಂದು ಹತ್ತಿದ ಮೇಲೂ ಆ ವಾದ ನಿಲ್ಲಲಿಲ್ಲ. ಮುಂದಿನ ಸೀಟಿನ ಗಂಡಸೊಬ್ಬ ಹಿಂದಕ್ಕೆ ತಿರುಗಿ, ಯಾವ ಊರಿನ ಮೀನಿನ ವಿಚಾರ ಎಂದು ಕೇಳಿದ. ನೂರು ವರ್ಷದ ಮೇಲಿನದು ಎಂದು ಅಜ್ಜಿ ಹೇಳಿದ ಮೇಲೆ, ಮೆಣಸಿನಕಾಯಿ ಆಗಲೂ ಇರುತ್ತದೆಯೋ ಇಲ್ಲವೋ ಎಂದು ಬಸ್ಸಿನ ಅರ್ಧ ಜನ ಮಾತಿಗಿಳಿದರು. ಹುಣಸೂರಿನ ಸೇತುವೆ ಬಂದರೂ ಅದು ತೀರ್ಮಾನವಾಗಿರಲಿಲ್ಲ. ಇಳಿಯುವವರು ಇಳಿಯಿರಿ ಎಂದು ಕಂಡಕ್ಟರು ಎರಡು ಸಲ ಕೂಗಿದ.